ಮಿಲಿಟರಿಯಿಂದ ಊರಿಗೆ ಬಂದವರು ಸರ್ಕಾರಿ ನೌಕರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಮೈಸೂರಿನ ನಮ್ಮ ಮನೆಯ ಜಗಲಿಯ ಮೇಲೆ ಬಿಟ್ಟ ಚಪ್ಪಲಿಗಳು ಸಾಲು ತಪ್ಪದೆ ನಿಂತಿದ್ದರೆ, ಬಂದವರು ಯಾರೆಂದು ನನ್ನ ಹೆಂಡತಿ ಕೇಳುವುದಿಲ್ಲ. ಕಾಫಿಗೆ ಇನ್ನೊಂದು ಲೋಟ ನೀರು ಇಡುತ್ತಾಳೆ. ಮದ್ದೂರು, ಪಾಂಡವಪುರ, ಕೃಷ್ಣರಾಜಪೇಟೆ, ತಿ. ನರಸೀಪುರ, ಹುಣಸೂರು, ಹೀಗೆ ಎಲ್ಲೆಲ್ಲಿಂದಲೋ ಬರುತ್ತಾರೆ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಒಳಗೆ ಸೇನೆಯಿಂದ ಬಿಡುಗಡೆಯಾದದ್ದಕ್ಕೆ ದಾಖಲೆಯಾದ ಡಿಸ್‌ಚಾರ್ಜ್ ಬುಕ್, ಬಾಯಲ್ಲಿ ಅದೇ ಹತ್ತು ಹನ್ನೆರಡು ಪ್ರಶ್ನೆಗಳು. ನಾನು 20 ವರ್ಷ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದು, ಹವಾಲ್ದಾರನಾಗಿ ನಿವೃತ್ತನಾಗಿ, ಎರಡು ಸಲ ಎಡವಿ ಮೂರನೆಯ ಸಲಕ್ಕೆ ದ್ವಿತೀಯ ದರ್ಜೆ ಸಹಾಯಕನಾದವನು. ಒಂದೇ ಉತ್ತರವನ್ನು ಎಷ್ಟು ಸಲ ಬಾಯಲ್ಲಿ ಹೇಳುವುದು ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ಸರ್ಕಾರದ ಲೆಕ್ಕದಲ್ಲಿ ನಾನು ‘ಮಾಜಿ ಸೈನಿಕ’ನೇ?

ಊರಿನವರ ಲೆಕ್ಕ ಬೇರೆ, ಸರ್ಕಾರದ ಲೆಕ್ಕ ಬೇರೆ. ಊರಿನಲ್ಲಿ ಖಾಕಿಯೋ ಹಸಿರೋ ತೊಟ್ಟು ಗಡಿಗೆ ಹೋದವರೆಲ್ಲ ‘ಮಿಲಿಟರಿಯವರು’. ಮೀಸಲಾತಿಗೆ ಮಾತ್ರ ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಂದ ಬಂದವರೇ ಆಗಬೇಕು. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನಿಂದ ನಿವೃತ್ತರಾದವರು ಈ ಮೀಸಲಾತಿಗೆ ಬರುವುದಿಲ್ಲ. ಇದನ್ನು ಅವರ ಮುಖ ನೋಡಿ ಹೇಳುವುದು ನನಗೆ ಪ್ರತಿ ಸಲವೂ ಕಷ್ಟ. ಒಂದೇ ಬಂಕರಿನಲ್ಲಿ ಪಕ್ಕಪಕ್ಕ ಚಳಿಗೆ ನಡುಗಿದವರಲ್ಲಿ ಒಬ್ಬನಿಗೆ ಉಂಟು, ಇನ್ನೊಬ್ಬನಿಗೆ ಇಲ್ಲ.

ಕೇಂದ್ರದ ನಿಯಮ 1979ರದ್ದು. ಅದರಂತೆ ಪಿಂಚಣಿಯೊಂದಿಗೆ ಬಿಡುಗಡೆಯಾದವರು ಮಾಜಿ ಸೈನಿಕರು. ಪಿಂಚಣಿಗೆ ಬೇಕಾದಷ್ಟು ಸೇವೆ ಮುಗಿಸಿ ಸ್ವಂತ ಇಚ್ಛೆಯಿಂದ ಬಂದಿದ್ದರೂ ತೊಂದರೆಯಿಲ್ಲ. ಸೇವೆಯ ಕಾರಣದಿಂದಲೇ ಬಂದ ಕಾಯಿಲೆ ಅಥವಾ ಗಾಯಕ್ಕೆ ‘ಬೋರ್ಡ್ ಔಟ್’ ಆಗಿ, ಅಂದರೆ ವೈದ್ಯಕೀಯ ಕಾರಣಕ್ಕೆ ಬಿಡುಗಡೆಯಾಗಿ, ಪಿಂಚಣಿ ಪಡೆಯುವವರೂ ಸೇರುತ್ತಾರೆ. ಪಿಂಚಣಿ ಬರುವ ಮೊದಲೇ ‘ಸಾಕಾಯಿತು’ ಎಂದು ಬಿಟ್ಟು ಬಂದವರು ಸೇರುವುದಿಲ್ಲ. ದುರ್ನಡತೆಗೆ ಹೊರಹಾಕಲಾದವರ ಮಾತು ಇಲ್ಲಿ ಬೇಡ.

ಅಗ್ನಿವೀರರ ಅಪ್ಪಂದಿರು ಈಗ ಹೆಚ್ಚು ಬರುತ್ತಿದ್ದಾರೆ. 4 ವರ್ಷ ಮುಗಿಸಿ ಹೊರಬರುವವರಿಗೆ ಮಾಜಿ ಸೈನಿಕ ಎಂಬ ಸ್ಥಾನಮಾನ ಇಲ್ಲ. ಅವರಿಗೆಂದೇ 2022ರಲ್ಲಿ ಕೇಂದ್ರದ ಅರೆಸೇನಾ ಪಡೆಗಳಲ್ಲಿ ಶೇ. 10 ಮೀಸಲಾತಿ, ವಯಸ್ಸಿನ ಸಡಿಲಿಕೆ ಘೋಷಣೆಯಾದವು. ಅದು ಬೇರೆಯೇ ದಾರಿ.

ಮೀಸಲಾತಿ ಎಷ್ಟು?

ಕೇಂದ್ರ ಸರ್ಕಾರದ ಇಲಾಖೆಗಳಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಹಳೆಯ ಗ್ರೂಪ್ ಡಿ ಮಟ್ಟದ ಹುದ್ದೆಗಳಲ್ಲಿ ಶೇ. 20. ರೈಲ್ವೆಯ ಲೆವೆಲ್ 1 ಹುದ್ದೆಗಳಿಗೆ ಈ ಶೇ. 20 ಈಗಲೂ ನಡೆದುಕೊಂಡು ಬಂದಿದೆ. ಕೇಂದ್ರದ ಉದ್ಯಮಗಳಲ್ಲಿ, ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಇದೇ ಎರಡು ಮಟ್ಟಗಳಿಗೆ ಕ್ರಮವಾಗಿ ಶೇ. 14.5 ಮತ್ತು ಶೇ. 24.5. ಇದರಲ್ಲಿ ಶೇ. 4.5 ಅಂಗವಿಕಲರಾದ ಮಾಜಿ ಸೈನಿಕರಿಗೆ ಮತ್ತು ಯುದ್ಧದಲ್ಲಿ ಮಡಿದವರ ಅವಲಂಬಿತರಿಗೆ. ನಮ್ಮ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಶೇ. 10.

ಅಂಕಿಗಳನ್ನು ನೋಡಿ ಹಿಗ್ಗಬೇಡಿ. ಮೀಸಲಿಟ್ಟ ಹುದ್ದೆಗೆ ಅರ್ಹನಾದ ಮಾಜಿ ಸೈನಿಕ ಸಿಗದಿದ್ದರೆ ಅದು ಬೇರೆಯವರ ಪಾಲಾಗುತ್ತದೆ. ಹಾಗೆ ಪಾಲಾಗುವುದೇ ಹೆಚ್ಚು. ಬಾಗಿಲು ತೆರೆದೇ ಇದೆ, ಒಳಗೆ ಹೋಗುವವರು ಕಡಿಮೆ. ಒಂದೋ ಕನಿಷ್ಠ ಅಂಕ ಬಂದಿರುವುದಿಲ್ಲ, ಇಲ್ಲವೇ ಕಾಗದ ಸರಿ ಇರುವುದಿಲ್ಲ. ಈ ಎರಡರಲ್ಲಿ ಎರಡನೆಯದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ.

ಮಾಜಿ ಸೈನಿಕ ಎಂದು ಹಾಕಿದರೆ ನನ್ನ ಜಾತಿ ಮೀಸಲಾತಿ ಹೋಗುತ್ತದೆಯೇ?

ಹೋಗುವುದಿಲ್ಲ. ಇದು ಸಮತಲ ಮೀಸಲಾತಿ. 3ಎ ಆದವನು 3ಎ ಒಳಗಿನ ಮಾಜಿ ಸೈನಿಕ, ಪರಿಶಿಷ್ಟ ಜಾತಿಯವನು ಪರಿಶಿಷ್ಟ ಜಾತಿಯ ಒಳಗಿನ ಮಾಜಿ ಸೈನಿಕ. ಅಷ್ಟೇ ಅಲ್ಲ, ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಅಭ್ಯರ್ಥಿ, ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮ ಅಭ್ಯರ್ಥಿ. ಮಂಡ್ಯ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಓದಿ ಸೇನೆಗೆ ಹೋದವನಿಗೆ ರಾಜ್ಯದ ಅರ್ಜಿಯಲ್ಲಿ ಇವು ಮೂರೂ ಸಿಗುತ್ತವೆ. ಬರುವವರಲ್ಲಿ ಅರ್ಧ ಮಂದಿ ಮಾಜಿ ಸೈನಿಕ ಎಂಬುದನ್ನು ಮಾತ್ರ ತುಂಬಿರುತ್ತಾರೆ. ಓದಿದ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಗ್ರಾಮೀಣದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿಯನ್ನೂ ಹಾಕಿಸಿ ತನ್ನಿ. ಶಾಲೆ ಮುಚ್ಚಿಹೋಗಿದ್ದರೆ ಅದರ ದಾಖಲೆ ಎಲ್ಲಿಗೆ ಹೋಗಿದೆ ಎಂಬುದನ್ನೂ ಆ ಕಚೇರಿಯಲ್ಲೇ ವಿಚಾರಿಸಿ.

ನನಗೆ 42 ದಾಟಿತು. ವಯಸ್ಸು ಮೀರಿಲ್ಲವೇ?

ರಾಜ್ಯದಲ್ಲಿ ಗರಿಷ್ಠ ವಯಸ್ಸಿಗೆ ನೀವು ಸೇನೆಯಲ್ಲಿ ಕಳೆದ ವರ್ಷಗಳನ್ನು, ಅದರ ಮೇಲೆ ಇನ್ನು 3 ವರ್ಷಗಳನ್ನು ಸೇರಿಸುತ್ತಾರೆ. ಬಹುಕಾಲದಿಂದ ಇರುವ ಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40. ಸರ್ಕಾರ ಆಗೊಮ್ಮೆ ಈಗೊಮ್ಮೆ ಇದನ್ನು ಸಡಿಲಿಸುವುದೂ ಉಂಟು. ಸಾಮಾನ್ಯ ವರ್ಗದವನಿಗೇ 17 ವರ್ಷದ ಸೇವೆಯಾಗಿದ್ದರೆ 55ರವರೆಗೆ ಅರ್ಜಿ ಹಾಕಬಹುದು. ಅಂದರೆ ರಾಜ್ಯದ ಮಟ್ಟಿಗೆ ವಯಸ್ಸು ನಿಮ್ಮ ಸಮಸ್ಯೆಯಲ್ಲ.

ಕೇಂದ್ರದಲ್ಲಿ ಒಂದು ಕೊಕ್ಕೆ ಇದೆ. ಅಲ್ಲಿ ಗ್ರೂಪ್ ಸಿ ಹುದ್ದೆಗೆ ನಿಮ್ಮ ಈಗಿನ ವಯಸ್ಸಿನಿಂದ ಸೇವೆಯ ವರ್ಷಗಳನ್ನು ಕಳೆಯುತ್ತಾರೆ. ಉಳಿದದ್ದು ಗರಿಷ್ಠ ಮಿತಿಯನ್ನು 3 ವರ್ಷಕ್ಕಿಂತ ಹೆಚ್ಚು ಮೀರಬಾರದು. 21ಕ್ಕೆ ಸೇರಿ 20 ವರ್ಷ ದುಡಿದು 41ಕ್ಕೆ ಬಂದವನು ಕೂಡಲೇ ಅರ್ಜಿ ಹಾಕಿದರೆ ಅವನ ಲೆಕ್ಕದ ವಯಸ್ಸು 21. ‘ಸ್ವಲ್ಪ ದಿನ ಗದ್ದೆ ನೋಡಿಕೊಳ್ಳೋಣ’ ಎಂದು 8 ವರ್ಷ ಕಳೆದು 49ಕ್ಕೆ ಬಂದರೆ ಲೆಕ್ಕದ ವಯಸ್ಸು 29. ಗರಿಷ್ಠ 25 ಇರುವ ಹುದ್ದೆಗೆ 28ರವರೆಗೆ ಮಾತ್ರ ಅವಕಾಶ. ಅವನು ಹೊರಗೆ. ಗಡಿಯಲ್ಲಿ ಕಳೆದ ವರ್ಷ ವಯಸ್ಸಿಗೆ ಸೇರುವುದಿಲ್ಲ, ಜಗಲಿಯಲ್ಲಿ ಕಳೆದ ವರ್ಷ ಸೇರುತ್ತದೆ.

ನಾನು ಎಸ್‌ಎಸ್‌ಎಲ್‌ಸಿ ಮಾತ್ರ. ಪದವಿ ಕೇಳುವ ಹುದ್ದೆಗೆ ಆಗುತ್ತದೆಯೇ?

ಕೇಂದ್ರದ ಗ್ರೂಪ್ ಸಿ ಮೀಸಲು ಹುದ್ದೆಗೆ ಆಗಬಹುದು. ಮೆಟ್ರಿಕ್ ಆಗಿ ಕನಿಷ್ಠ 15 ವರ್ಷ ಸೇವೆ ಸಲ್ಲಿಸಿದ್ದರೆ, ತಾಂತ್ರಿಕ ಅನುಭವ ಬೇಡದ ಹುದ್ದೆಗಳಲ್ಲಿ ಪದವಿಯ ಬದಲಿಗೆ ಅದನ್ನು ಪರಿಗಣಿಸಬಹುದೆಂದು ನಿಯಮವೇ ಹೇಳುತ್ತದೆ. ಸೇನೆಯ ವಿಶೇಷ ಶಿಕ್ಷಣ ಪ್ರಮಾಣ ಪತ್ರ ಇದ್ದವರನ್ನೂ ಮೆಟ್ರಿಕ್ ಎಂದೇ ಎಣಿಸುತ್ತಾರೆ.

ಇದೇ ಕಾಗದ ಹಿಡಿದು ರಾಜ್ಯದ ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಹೋಗಬೇಡಿ. ರಾಜ್ಯದ ಅಧಿಸೂಚನೆಯಲ್ಲಿ ‘ತತ್ಸಮಾನ’ ಎಂದು ಏನನ್ನು ಒಪ್ಪಿದ್ದಾರೋ ಅಷ್ಟೇ ನಡೆಯುತ್ತದೆ. ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಪಿಯುಸಿ ಬೇಕು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಪದವಿ ಬೇಕು. ಸೇವೆಯಲ್ಲಿರುವಾಗಲೇ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಪದವಿ ಮುಗಿಸಿಬಿಡಿ ಎಂದು ನಾನು ರಜೆಗೆ ಬಂದ ಹುಡುಗರಿಗೆಲ್ಲ ಹೇಳುತ್ತೇನೆ. ಇಗ್ನೋ ಇದೆ, ನಮ್ಮ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೇ ಇದೆ.

ಕನ್ನಡಿಗನಾದ ನನಗೇ ಕನ್ನಡ ಪರೀಕ್ಷೆ ಏಕೆ?

ಕೃಷ್ಣರಾಜಪೇಟೆ ಕಡೆಯ ಹವಾಲ್ದಾರರೊಬ್ಬರು ಇದೇ ಮಾತನ್ನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು. ವಾದ ಬೇಡವೆಂದು ಬಿಳಿ ಹಾಳೆ ಕೊಟ್ಟು, ತಹಶೀಲ್ದಾರರಿಗೆ ನಾಲ್ಕು ಸಾಲಿನ ಒಂದು ಅರ್ಜಿ ಬರೆಯಿರಿ ಎಂದೆ. ‘ಮಾನ್ಯರೇ’ ಎಂದು ಬರೆದರು. ಆಮೇಲೆ ಊರಿನ ವಿಳಾಸ. ‘ಕೃ’ ಬಂತು. ‘ಷ್ಣ’ ಬರುವಲ್ಲಿ ಪೆನ್ನು ನಿಂತಿತು. ಷ ಬರೆದು ಅದರ ಕೆಳಗೆ ಏನು ಬರೆಯಬೇಕೆಂದು ತಿಳಿಯದೆ, ಹಾಳೆಯ ಮೂಲೆಯಲ್ಲಿ ಸಣ್ಣದಾಗಿ ಹಿಂದಿಯಲ್ಲಿ ಬರೆದು ನೋಡಿಕೊಂಡರು. 22 ವರ್ಷ ಹಿಂದಿಯಲ್ಲಿ ಹಾಜರಿ, ಹಿಂದಿಯಲ್ಲಿ ಆದೇಶ, ಹಿಂದಿಯಲ್ಲೇ ಜಗಳ. ಸ್ವಂತ ತಾಲ್ಲೂಕಿನ ಹೆಸರಿನ ಒತ್ತಕ್ಷರವೇ ಕೈಬಿಟ್ಟು ಹೋಗಿತ್ತು. ತಲೆ ತಗ್ಗಿಸಿ ಕೂತರು. ನನಗೂ ಮೊದಲ ಸಲ ಹೀಗೆಯೇ ಆಗಿತ್ತು ಎಂದು ಹೇಳಿದ ಮೇಲೆ ಕಾಫಿ ಕುಡಿದರು.

ರಾಜ್ಯದ ಗ್ರೂಪ್ ಸಿ ನೇಮಕಾತಿಗಳಲ್ಲಿ ಕಡ್ಡಾಯ ಕನ್ನಡ ಭಾಷಾ ಪರೀಕ್ಷೆ 150 ಅಂಕಗಳದ್ದು, ಕನಿಷ್ಠ 50 ಬೇಕು. ಈ ಅಂಕ ಆಯ್ಕೆಪಟ್ಟಿಗೆ ಸೇರುವುದಿಲ್ಲ, ಆದರೆ ಇದರಲ್ಲಿ ಬಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಬಂದಿದ್ದರೂ ವ್ಯರ್ಥ. ನನ್ನ ಮದ್ದು ಸರಳವಾದದ್ದು. ದಿನಪತ್ರಿಕೆಯ ಸಂಪಾದಕೀಯದ ಒಂದು ಪ್ಯಾರಾವನ್ನು ದಿನವೂ ಕೈಯಲ್ಲಿ ನಕಲು ಮಾಡಿ. ಮೊಬೈಲಿನಲ್ಲಿ ಅಲ್ಲ, ಪೆನ್ನಿನಲ್ಲಿ. ಎರಡು ತಿಂಗಳಿಗೆ ಕೈ ಕುದುರುತ್ತದೆ. ಮನೆಯಲ್ಲಿ ಹೈಸ್ಕೂಲು ಓದುವ ಮಗಳಿದ್ದರೆ ಉಕ್ತಲೇಖನ ಕೊಡಿಸಿಕೊಳ್ಳಿ. ತಪ್ಪು ಹುಡುಕುವ ಕೆಲಸವನ್ನು ಮಕ್ಕಳು ಬಹಳ ಸಂತೋಷದಿಂದ ಮಾಡುತ್ತಾರೆ.

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವೂ 2023ರಿಂದ ಬಹುಕಾರ್ಯ ಸಿಬ್ಬಂದಿಯಂಥ ಕೆಲವು ಪರೀಕ್ಷೆಗಳನ್ನು ಕನ್ನಡದಲ್ಲಿ ನಡೆಸುತ್ತಿದೆ. ಓದಿದ್ದು ಹಿಂದಿಯಲ್ಲೋ ಕನ್ನಡದಲ್ಲೋ ನೋಡಿಕೊಂಡು ಭಾಷೆ ಆರಿಸಿ.

ದಾಖಲಾತಿ ಪರಿಶೀಲನೆಯಲ್ಲಿ ನಮ್ಮವರು ಸೋಲುವುದು ಎಲ್ಲಿ?

ಹೆಸರಿನಲ್ಲಿ. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದೋ ಎರಡೋ ಇನಿಷಿಯಲ್ ಇರುತ್ತದೆ. ಸೇನೆಗೆ ಸೇರುವ ದಿನ ಅಲ್ಲಿನ ಗುಮಾಸ್ತ ‘ಇನಿಷಿಯಲ್ ನಡೆಯುವುದಿಲ್ಲ, ಪೂರ್ತಿ ಹೇಳು’ ಎನ್ನುತ್ತಾನೆ. ಹದಿನೆಂಟರ ಹುಡುಗ ಹೆದರಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಹೇಳುತ್ತಾನೆ. ಅವನು ಕೇಳಿಸಿಕೊಂಡಂತೆ ಬರೆಯುತ್ತಾನೆ. ‘ಗೌಡ’ ಒಂದು ಕಡೆ ಅಂಟಿಕೊಂಡಿರುತ್ತದೆ, ಇನ್ನೊಂದು ಕಡೆ ಬಿಟ್ಟಿರುತ್ತದೆ. 20 ವರ್ಷದ ಮೇಲೆ ಅಂಕಪಟ್ಟಿಯಲ್ಲಿ ಒಬ್ಬ, ಡಿಸ್‌ಚಾರ್ಜ್ ಬುಕ್‌ನಲ್ಲಿ ಇನ್ನೊಬ್ಬ, ಆಧಾರ್‌ನಲ್ಲಿ ಮೂರನೆಯವನು. ಪಾಪ, ಮೂವರೂ ಒಬ್ಬನೇ. ಅದನ್ನು ನಿರೂಪಿಸುವ ಹೊಣೆ ಅವನದೇ.

ಇದನ್ನು ಅರ್ಜಿ ಕರೆಯುವ ಮೊದಲೇ ಸರಿಪಡಿಸಿಕೊಳ್ಳಿ. ಸೇವೆಯಲ್ಲಿದ್ದಾಗಲೇ ಆದರೆ ಯೂನಿಟ್ ಮೂಲಕ ರೆಕಾರ್ಡ್ ಆಫೀಸಿಗೆ ಬರೆಯುವುದು ಸುಲಭ. ಹೊರಬಂದ ಮೇಲೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ದಾರಿ ಹಿಡಿಯಬೇಕು, ಜೊತೆಗೆ ನೋಟರಿ ಮುಂದೆ ಅಫಿಡವಿಟ್. ಜನ್ಮದಿನಾಂಕದ ವ್ಯತ್ಯಾಸ ಇನ್ನೂ ದೊಡ್ಡ ತಲೆನೋವು. ಅದನ್ನು ಮುಚ್ಚಿಟ್ಟು ಅರ್ಜಿ ಹಾಕಬೇಡಿ.

ಎರಡನೆಯದು ತಾರೀಖು. ನನ್ನ ಮೊದಲ ಅರ್ಜಿ ಬಿದ್ದುಹೋದದ್ದು ಇದರಿಂದಲೇ. ಅರ್ಜಿಯ ಕೊನೆಯ ದಿನ ಒಂದು ಸೋಮವಾರ. ನಾನು ಜಾತಿ ಪ್ರಮಾಣ ಪತ್ರ ತೆಗೆಸಿದ್ದು ಆ ವಾರದ ಗುರುವಾರ. ಕಾಗದ ಸರಿಯಾಗಿತ್ತು, ಸಹಿ ಸರಿಯಾಗಿತ್ತು, ತಾರೀಖು ಮಾತ್ರ ಮೂರು ದಿನ ತಡ. ಪರಿಶೀಲನೆಗೆ ಕೂತಿದ್ದವರು ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿ ಕಾಗದ ಹಿಂದಕ್ಕೆ ಕೊಟ್ಟರು. ಬೈಯಲು ಅವರದೇನೂ ತಪ್ಪಿರಲಿಲ್ಲ, ಅದೇ ಬೇಸರ.

ಫೈಲಿನಲ್ಲಿ ಯಾವಾಗಲೂ ಇರಬೇಕಾದವು: ಡಿಸ್‌ಚಾರ್ಜ್ ಬುಕ್, ಪಿಂಚಣಿ ಸಂದಾಯ ಆದೇಶ, ಮಾಜಿ ಸೈನಿಕರ ಗುರುತಿನ ಚೀಟಿ, ಅಂಕಪಟ್ಟಿಗಳು, ಊರ್ಜಿತದಲ್ಲಿರುವ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣ ಪತ್ರಗಳು.

ಇನ್ನೂ ಸೇವೆಯಲ್ಲಿದ್ದೇನೆ. ಈಗಲೇ ಅರ್ಜಿ ಹಾಕಬಹುದೇ?

ಕೇಂದ್ರದ ಹುದ್ದೆಗೆ, ಅರ್ಜಿಯ ಕೊನೆಯ ದಿನದಿಂದ ಒಂದು ವರ್ಷದೊಳಗೆ ನಿಮ್ಮ ನಿಗದಿತ ಸೇವೆ ಮುಗಿಯುವುದಿದ್ದರೆ ಹಾಕಬಹುದು. ಯೂನಿಟ್‌ನಿಂದ ಆ ಬಗ್ಗೆ ಪತ್ರ ಬೇಕು.

ಒಂದು ಕೆಲಸಕ್ಕೆ ಸೇರಿಬಿಟ್ಟರೆ ಮಾಜಿ ಸೈನಿಕ ಮೀಸಲಾತಿ ಮುಗಿಯಿತೇ?

ಕೇಂದ್ರದಲ್ಲಿ, ಮೀಸಲಾತಿ ಬಳಸಿ ಕಾಯಂ ಹುದ್ದೆಗೆ ಸೇರಿದರೆ ಸಾಮಾನ್ಯವಾಗಿ ಮುಗಿಯಿತು. ಆದರೆ ಒಂದು ದಾರಿ ಬಿಟ್ಟಿದ್ದಾರೆ. 2014ರ ಆಗಸ್ಟ್ 14ರ ಕೇಂದ್ರದ ಸುತ್ತೋಲೆಯಂತೆ, ಕೆಲಸಕ್ಕೆ ಸೇರುವ ಮೊದಲೇ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದ್ದರೆ ಅವುಗಳಿಗೆ ಮೀಸಲಾತಿ ಉಳಿಯುತ್ತದೆ. ಷರತ್ತು ಇಷ್ಟೇ: ಸೇರಿದ ಕೂಡಲೇ, ಯಾವ ಹುದ್ದೆಗೆ ಯಾವ ದಿನ ಅರ್ಜಿ ಹಾಕಿದ್ದೇನೆ ಎಂಬ ಪಟ್ಟಿಯನ್ನು ಬರೆದು ಆ ಕಚೇರಿಗೆ ಕೊಡಬೇಕು.

ಆ ಪಟ್ಟಿ ಕೊಡುವವರು ಎಷ್ಟು ಮಂದಿ? ಸೇರಿದ ದಿನದ ಸಂಭ್ರಮದಲ್ಲಿ ಸಿಹಿ ಹಂಚುತ್ತಾರೆ, ಪಟ್ಟಿ ಮರೆಯುತ್ತಾರೆ. ಆರು ತಿಂಗಳಾದ ಮೇಲೆ ಇನ್ನೂ ಒಳ್ಳೆಯ ಹುದ್ದೆಯ ಫಲಿತಾಂಶ ಬರುತ್ತದೆ. ಆಗ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಪಟ್ಟಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಅಲ್ಲಿಯವರೆಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗಬಹುದೇ?

ಹೋಗಬಹುದು. ಖಾಸಗಿ ಕೆಲಸದಿಂದ, ಯಾವಾಗ ಬೇಕಾದರೂ ತೆಗೆಯಬಹುದಾದ ಗುತ್ತಿಗೆ ಅಥವಾ ತಾತ್ಕಾಲಿಕ ಕೆಲಸದಿಂದ ಕೇಂದ್ರದ ಮೀಸಲಾತಿಗೆ ಭಂಗವಿಲ್ಲ. ಹನ್ನೆರಡು ಗಂಟೆಯ ರಾತ್ರಿ ಪಾಳಿ ಮಾಡಿ ಹಗಲು ಓದುತ್ತೇನೆ ಎನ್ನುವವರನ್ನು ಕಂಡಿದ್ದೇನೆ, ಹಾಗೆ ಓದಿದವರನ್ನು ಕಂಡಿಲ್ಲ. ಎಂಟು ಗಂಟೆಯ ಪಾಳಿ ಸಿಕ್ಕರೆ ನೋಡಿ.

ಸಂಬಳ ಬಂದರೆ ಪಿಂಚಣಿ ನಿಲ್ಲುತ್ತದೆಯೇ?

ಇಲ್ಲ. ಕೇಂದ್ರದಲ್ಲಿ ಅಧಿಕಾರಿ ದರ್ಜೆಗಿಂತ ಕೆಳಗಿನವರ ಸೇನಾ ಪಿಂಚಣಿಯನ್ನು ಸಂಬಳ ನಿಗದಿ ಮಾಡುವಾಗ ಪೂರ್ತಿಯಾಗಿ ಲೆಕ್ಕದಿಂದ ಹೊರಗಿಡುತ್ತಾರೆ. ಸಂಬಳ ಆ ಹುದ್ದೆಯ ಕನಿಷ್ಠದಿಂದ ಶುರುವಾಗುತ್ತದೆ. ಹೊಸ ಕೆಲಸಕ್ಕೆ ಹಳೆಯ ರೀತಿಯ ಪಿಂಚಣಿ ನಿರೀಕ್ಷಿಸಬೇಡಿ. ಕೇಂದ್ರದಲ್ಲಿ 2004ರ ಜನವರಿಯಿಂದ, ರಾಜ್ಯದಲ್ಲಿ 2006ರ ಏಪ್ರಿಲ್‌ನಿಂದ ಸೇರಿದವರಿಗೆ ಬಂದದ್ದು ಎನ್‌ಪಿಎಸ್, ಅಂದರೆ ಸಂಬಳದಿಂದ ವಂತಿಗೆ ಕಟ್ಟುವ ಪಿಂಚಣಿ ವ್ಯವಸ್ಥೆ.

ಹುದ್ದೆ ಕರೆದದ್ದು ತಿಳಿಯುವುದು ಹೇಗೆ?

ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ ಕೇಳಿದ ಸುದ್ದಿಯನ್ನು ನಂಬಬೇಡಿ. ಆ ಸಾಲಿನಲ್ಲಿ ಪ್ರತಿ ತಿಂಗಳೂ ‘ನಮಗಾಗಿಯೇ ಸಾವಿರಾರು ಹುದ್ದೆ’ ಬರುತ್ತವೆ, ಮನೆಗೆ ಬರುವಷ್ಟರಲ್ಲಿ ಕರಗಿಹೋಗುತ್ತವೆ. ರಾಜ್ಯದ ಹುದ್ದೆಗಳಿಗೆ ಕರ್ನಾಟಕ ಲೋಕಸೇವಾ ಆಯೋಗ ಮತ್ತು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣಗಳನ್ನು ವಾರಕ್ಕೊಮ್ಮೆ ನೀವೇ ನೋಡಿ. ಕೇಂದ್ರದ್ದಕ್ಕೆ ಸಿಬ್ಬಂದಿ ನೇಮಕಾತಿ ಆಯೋಗ, ರೈಲ್ವೆ ನೇಮಕಾತಿ ಮಂಡಳಿ, ಬ್ಯಾಂಕಿನವರ ಐಬಿಪಿಎಸ್. ಮೈಸೂರಿನಲ್ಲಿ ನೈಋತ್ಯ ರೈಲ್ವೆಯ ವಿಭಾಗೀಯ ಕಚೇರಿ, ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ವಾಕ್ ಶ್ರವಣ ಸಂಸ್ಥೆ, ಬಿಇಎಂಎಲ್, ನೋಟು ಮುದ್ರಣಾಲಯ ಎಲ್ಲವೂ ಇವೆ. ಕಾಯಂ ಹುದ್ದೆ ಕರೆದಾಗ ಇವು ತಮ್ಮದೇ ಪ್ರಕಟಣೆ ಹೊರಡಿಸುವುದುಂಟು. ಸೈನಿಕ ಕಲ್ಯಾಣ ಇಲಾಖೆಯಲ್ಲಿ ಹೆಸರು ನೋಂದಾಯಿಸಿ, ಮೊಬೈಲ್ ಸಂಖ್ಯೆ ಬದಲಾದರೆ ಅಲ್ಲಿಯೂ ತಿಳಿಸಿ.

ಶುಲ್ಕದ ಬಗ್ಗೆ ಒಂದು ಮಾತು. ಸಿಬ್ಬಂದಿ ನೇಮಕಾತಿ ಆಯೋಗದಲ್ಲಿ ಮಾಜಿ ಸೈನಿಕರಿಗೆ ಶುಲ್ಕವಿಲ್ಲ. ಲೋಕಸೇವಾ ಆಯೋಗದಲ್ಲಿ ಸಾಮಾನ್ಯವಾಗಿ 600 ರೂಪಾಯಿ ಇರುವ ಕಡೆ ನಮಗೆ 50.

ಒಬ್ಬರು ‘ಹಣ ಕೊಟ್ಟರೆ ಮಾಡಿಸಿಕೊಡುತ್ತೇನೆ’ ಎನ್ನುತ್ತಿದ್ದಾರೆ.

ನಿವೃತ್ತಿಯ ಹಣ ಬಂದಿದೆ ಎಂಬುದು ಊರಿಗೆಲ್ಲ ಗೊತ್ತು. ಅವರಿಗೂ ಗೊತ್ತು. 2021ರಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಅಭ್ಯರ್ಥಿಗಳೂ ಜೈಲು ಕಂಡದ್ದನ್ನು ನೆನಪಿಸಿಕೊಳ್ಳಿ. ಕಾಫಿ ಕೊಟ್ಟು ಕಳುಹಿಸಿಬಿಡಿ. ಕಾಫಿಯೂ ಬೇಡ.

ನನ್ನ ಬದಲು ಮಗನಿಗೆ ಕೆಲಸ ಸಿಗುತ್ತದೆಯೇ?

ಅಪ್ಪ ನಿವೃತ್ತ ಸೈನಿಕ ಎಂಬ ಒಂದೇ ಕಾರಣಕ್ಕೆ ಸಿಗುವುದಿಲ್ಲ. ಯುದ್ಧದಲ್ಲಿ ಮಡಿದವರ ಅಥವಾ ತೀವ್ರವಾಗಿ ಅಂಗವಿಕಲರಾದವರ ಕುಟುಂಬದಲ್ಲಿ ಇಬ್ಬರವರೆಗೆ ಕೇಂದ್ರದ ಕೆಳದರ್ಜೆ ಹುದ್ದೆಗಳಲ್ಲಿ ಆದ್ಯತೆ ಇದೆ. ಅಂಥ ಮನೆಯವರು ಕಲ್ಯಾಣ ಇಲಾಖೆಯಲ್ಲಿ ಅಧಿಕಾರಿಗಳನ್ನೇ ನೇರವಾಗಿ ಕಾಣಲಿ, ನನ್ನಂಥವರ ಮಾತು ಕೇಳಿ ತಡಮಾಡುವುದು ಬೇಡ.

ಸುಬೇದಾರನಾಗಿದ್ದವನು ಗುಮಾಸ್ತನಾಗಿ ಕೂರುವುದು ಹೇಗೆ?

ಈ ಪ್ರಶ್ನೆಯನ್ನು ಯಾರೂ ಮೊದಲು ಕೇಳುವುದಿಲ್ಲ. ಫೈಲು ಕಟ್ಟಿ, ಚಪ್ಪಲಿ ಮೆಟ್ಟುವಾಗ ಕೇಳುತ್ತಾರೆ.

ದರ್ಜೆ ಜೊತೆಗೆ ಬರುವುದಿಲ್ಲ. ನಿಮ್ಮ ಮೇಲಿನವರು ನಿಮ್ಮ ಮಗನ ವಯಸ್ಸಿನವರಿರಬಹುದು. ಎರಡು ವರ್ಷ ಪರೀಕ್ಷಾರ್ಥ ಅವಧಿ, ಇಲಾಖಾ ಪರೀಕ್ಷೆಗಳು, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ. ಕನ್ನಡ ತಂತ್ರಾಂಶ ‘ನುಡಿ’ಯಲ್ಲಿ ಬೆರಳಚ್ಚು ಕಲಿಯದೆ ಗತಿಯಿಲ್ಲ. ನಾನು ಸೇರಿದ ಮೊದಲ ವಾರ ನಮ್ಮ ಮೇಲಧಿಕಾರಿ, ಮೂವತ್ತು ತುಂಬದ ಹೆಣ್ಣುಮಗಳು, ಕೋಣೆಗೆ ಬಂದಾಗಲೆಲ್ಲ ಧಡಕ್ಕನೆ ಎದ್ದು ನಿಲ್ಲುತ್ತಿದ್ದೆ. ಕುರ್ಚಿ ಹಿಂದಕ್ಕೆ ಬೀಳುತ್ತಿತ್ತು. ಮೂರನೆಯ ದಿನ ಅವರು, ‘ಕೂತುಕೊಳ್ಳಿ ಸಾರ್, ನೀವು ಎದ್ದರೆ ನನಗೆ ನಮ್ಮ ತಂದೆ ಎದ್ದಂತಾಗುತ್ತದೆ’ ಎಂದರು. ಅದೇ ಸಂಜೆ ನಾನು ಬರೆದ ಟಿಪ್ಪಣಿಯನ್ನು ಕೆಂಪು ಶಾಯಿಯಲ್ಲಿ ಐದು ಕಡೆ ತಿದ್ದಿ ವಾಪಸು ಕಳುಹಿಸಿದರು. ಐದರಲ್ಲಿ ಎರಡು ಒತ್ತಕ್ಷರದ ತಪ್ಪು.

ಆ ಹಾಳೆ ಇನ್ನೂ ನನ್ನ ಮೇಜಿನ ಗಾಜಿನ ಕೆಳಗಿದೆ. ಚಪ್ಪಲಿ ಮೆಟ್ಟುತ್ತಾ ಕೇಳುವವರಿಗೆ ಅದರ ಕಥೆ ಹೇಳುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಏನೂ ಹೇಳದೆ, ಮುಂದಿನ ಭಾನುವಾರ ಕಾಪಿ ಪುಸ್ತಕ ತರುತ್ತಾರೆ.